ಎದೆಯೊಳಗಿನ ಸೇತುನಾಳ

ಹೃದಯವೆಂಬ ಶಬ್ದದಲ್ಲಿ ಮೂರಕ್ಷರಗಳಿರುವುವೆಂದೂ, ಅವು ಕ್ರಮವಾಗಿ ತರುವುದು, ಕೊಡುವುದು, ಹೋಗುವುದು ಎಂಬ ಮೂರು ಕ್ರಿಯೆಗಳನ್ನು ಸೂಚಿಸುವುವೆಂದೂ ಬೃಹದಾರಣ್ಯಕೋಪನಿಷತ್ತಿನಲ್ಲಿ ಹೇಳಿದೆ. ಋಷಿಯ ತಾತ್ಪರ್ಯವು ಉಪಾಸನೆಯೇ ಹೊರತು ರಕ್ತಸಂಚಾರವಲ್ಲ. ಈಗಿನವರು ಕಂಡುಹಿಡಿದುದೆಲ್ಲವೂ ನಮ್ಮ ಹಿಂದಿನವರಿಗೆ ತಿಳಿದೇ ಇದ್ದಿತೆಂದು ಸಾಧಿಸುವವರ ಪಂಕ್ತಿಯಲ್ಲಿ ಕುಳಿತುಕೊಳ್ಳಲು ನನಗಿಷ್ಟವಿಲ್ಲ. ಆದರೂ ಹೃದಯದ ಕೆಲಸವನ್ನು ಮಕ್ಕಳಿಗೆ ತಿಳಿಸುವಾಗ ಈ ಮೂರು ಕ್ರಿಯಾಪದಗಳಿಗಿಂತ ಅನುಕೂಲವಾದುವು ನನಗೆ ದೊರೆತಿಲ್ಲ. ಮೈಯನ್ನೆಲ್ಲ ಸುತ್ತಿಬಂದ ಮಲಿನರಕ್ತವನ್ನು ಸಿರೆಗಳು ಹೃದಯದ ಬಲಭಾಗಕ್ಕೆ ತರುವುವು. ಹೃದಯವು ಅದನ್ನು ಶ್ವಾಸಕೋಶಗಳಿಗೆ ಕೊಡುವುದು. ಅಲ್ಲಿ ಪ್ರಾಣವಾಯುವನ್ನು ಪಡೆದು ಎಡಭಾಗಕ್ಕೆ ಮರಳಿದ ರಕ್ತವು ಮಹಾಧಮನಿಯ ಮೂಲಕ ಮತ್ತೆ ಮೈಗೆಲ್ಲ ಹೋಗುವುದು. ಬಲದ ರಕ್ತವೂ ಎಡದ ರಕ್ತವೂ ಒಂದರೊಡನೊಂದು ಬೆರೆಯಬಾರದೆಂಬುದು ಇಲ್ಲಿಯ ಕಟ್ಟಳೆ. ಒಂದು ಸಣ್ಣ ನಾಳವು ಮುಚ್ಚಬೇಕಾದ ಕಾಲದಲ್ಲಿ ಮುಚ್ಚದೆ ಉಳಿದುದರಿಂದ ಈ ಕಟ್ಟಳೆಯು ಹುಟ್ಟಿನಿಂದಲೇ ಮುರಿದಿರುವ ಮಕ್ಕಳ ವಿಷಯವನ್ನು ಈ ಲೇಖನದಲ್ಲಿ ಹೇಳಬೇಕೆಂದಿದ್ದೇನೆ.

ಆ ನಾಳವು ದೋಷವಲ್ಲ. ಗರ್ಭಸ್ಥ ಶಿಶುಗಳೆಲ್ಲಕ್ಕೂ ಅದು ಉಂಟು. ತಾಯಿಯ ಹೊಟ್ಟೆಯಲ್ಲಿರುವ ಮಗು ಉಸಿರಾಡುವುದಿಲ್ಲವಷ್ಟೆ. ಅದಕ್ಕೆ ಬೇಕಾದ ಪ್ರಾಣವಾಯುವು ಮಾಸುಚೀಲದ ಮೂಲಕ ತಾಯಿಯಿಂದಲೇ ಬರುವುದು. ಮುದುಡಿಕೊಂಡಿರುವ ಶ್ವಾಸಕೋಶಗಳಿಗೆ ಹೆಚ್ಚು ರಕ್ತವನ್ನು ಕಳುಹಿಸಿ ಪ್ರಯೋಜನವಿಲ್ಲವಾದುದರಿಂದ, ಶ್ವಾಸಕೋಶಕ್ಕೆ ಹೋಗುವ ಧಮನಿಗೂ ಮಹಾಧಮನಿಗೂ ನಡುವೆ ಪ್ರಕೃತಿಯು ಒಂದು ಅಡ್ಡದಾರಿಯನ್ನಿಟ್ಟಿದೆ. ಇದನ್ನು ನಾವು ಸೇತುನಾಳವೆಂದು ಕರೆಯೋಣ. ಮಗು ಭೂಮಿಗೆ ಬಿದ್ದು ಮೊದಲನೆಯ ಸಲ ಅತ್ತೊಡನೆ ಶ್ವಾಸಕೋಶಗಳು ಅರಳುವುವು. ರಕ್ತದಲ್ಲಿ ಪ್ರಾಣವಾಯುವು ಹೆಚ್ಚುವುದು. ನಾಳವನ್ನು ತೆರೆದಿಟ್ಟಿದ್ದ ಪ್ರೋಸ್ಟಗ್ಲಾಂಡಿನ್ ಎಂಬ ದ್ರವ್ಯವು ಕಡಮೆಯಾಗುವುದು. ಇವುಗಳ ಫಲವಾಗಿ ಎರಡು ಮೂರು ದಿನಗಳೊಳಗಾಗಿ ಆ ನಾಳವು ತಾನೇ ಬಿಗಿದುಕೊಂಡು, ಕೆಲವು ವಾರಗಳಲ್ಲಿ ಒಂದು ಒಣ ನಾರಿನಂತಾಗಿಬಿಡುವುದು. ಈ ಪಂಕ್ತಿಗಳನ್ನು ಓದುತ್ತಿರುವ ಪ್ರತಿಯೊಬ್ಬರ ಎದೆಯಲ್ಲಿಯೂ ಆ ನಾರು ಇದ್ದೇ ಇದೆ.

ತುಂಬಿದ ತಿಂಗಳಿಗೆ ಹುಟ್ಟಿದ ಸುಮಾರು ೨,೦೦೦ ಮಕ್ಕಳಲ್ಲಿ ಒಂದಕ್ಕೆ ಅದು ಮುಚ್ಚಿಕೊಳ್ಳದೆ ಉಳಿಯುವುದು. ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸುಗಳಲ್ಲಿ ಇನ್ನೂ ಹೆಚ್ಚು. ಡಾಕ್ಟರರು ಇದನ್ನು ಪೇಟೆಂಟ್ ಡಕ್ಟಸ್ ಆರ್ಟೀರಿಯೋಸಸ್ ಎಂದೂ, ಚೀಟಿಯಲ್ಲಿ ಬರೆಯುವಾಗ ಪಿ.ಡಿ.ಎ. ಎಂದೂ ಹೇಳುವರು. ಪೇಟೆಂಟ್ ಎಂದೊಡನೆ ಯಂತ್ರಗಳ ಹಕ್ಕುಪತ್ರವು ನೆನಪಿಗೆ ಬರಬಹುದು. ಲ್ಯಾಟಿನ್ ಭಾಷೆಯಲ್ಲಿ ಅದಕ್ಕೆ ತೆರೆದಿರುವುದು ಎಂದಿಷ್ಟೇ ಅರ್ಥ. ಹಕ್ಕುಪತ್ರಕ್ಕೂ ಆ ಹೆಸರು ಬಂದುದು ಎಲ್ಲರೂ ನೋಡುವಂತೆ ತೆರೆದಿಟ್ಟ ರಾಜಪತ್ರವಾಗಿದ್ದುದರಿಂದಲೇ.

ಮಹಾಧಮನಿಯಲ್ಲಿ ಒತ್ತಡ ಹೆಚ್ಚು, ಶ್ವಾಸಕೋಶದ ಧಮನಿಯಲ್ಲಿ ಕಡಮೆ. ಆದುದರಿಂದ ನಾಳವು ತೆರೆದಿದ್ದರೆ ಶುದ್ಧವಾದ ರಕ್ತವೇ ಹಿಂದಿರುಗಿ ಶ್ವಾಸಕೋಶಕ್ಕೆ ನುಗ್ಗುವುದು. ಒಮ್ಮೆ ಶುದ್ಧವಾದುದನ್ನು ಮತ್ತೊಮ್ಮೆ ಸುತ್ತಿಸುವ ಈ ವ್ಯರ್ಥಶ್ರಮವು ಹೃದಯದ ಎಡಭಾಗಕ್ಕೆ ಬೀಳುವುದು. ನಾಳವು ಕೂದಲೆಳೆಯಷ್ಟು ಸಣ್ಣದಾಗಿದ್ದರೆ ಏನೂ ತೋರದು. ಅಂಥವನ್ನು ನೋಡುತ್ತಿದ್ದರೆ ಸಾಕೆಂದು ಡಾಕ್ಟರರು ಹೇಳುವುದೂ ಉಂಟು. ದೊಡ್ಡದಾಗಿದ್ದರೆ ಮಾತ್ರ ತಾಯಿಯ ಕಣ್ಣಿಗೆ ಬೀಳುವ ಗುರುತುಗಳು ಹಲವಿವೆ. ಮಗು ಮೊಲೆಗೆ ಬಾಯಿಟ್ಟು ನಾಲ್ಕು ಗುಟುಕು ಕುಡಿದು, ಬಿಟ್ಟು, ಏದುಸಿರು ಬಿಟ್ಟು, ಮತ್ತೆ ಕುಡಿಯುವುದು. ಆ ಹೊತ್ತಿನಲ್ಲಿ ಹಣೆಯ ಮೇಲೆ ಬೆವರು ಸಾಲುಗಟ್ಟುವುದು. ತಿಂಗಳು ತಿಂಗಳೂ ತೂಕ ಏರದು. ನೆಗಡಿಯು ಎದೆಗಿಳಿದು ಪದೇ ಪದೇ ಆಸ್ಪತ್ರೆಯ ದಾರಿ ತೋರಿಸುವುದು. ನಾಡಿಯನ್ನು ಮುಟ್ಟಿ ನೋಡಿದರೆ ಬೆರಳನ್ನು ಹೊಡೆದಂತೆ ಚಿಮ್ಮುವುದು. ಎದೆಯ ಎಡಮೇಲ್ಭಾಗದಲ್ಲಿ ಕೊಳವೆಯಿಟ್ಟು ಕೇಳಿದ ಡಾಕ್ಟರಿಗೆ ಎಡೆಬಿಡದ ಒಂದು ಮೊರೆತವು ಕೇಳಿಸುವುದು. ೧೯೦೦ರಲ್ಲಿ ಎಡಿನ್‌ಬರೋ ನಗರದ ಗಿಬ್ಸನ್ ಎಂಬ ವೈದ್ಯರು ಇದನ್ನು ವರ್ಣಿಸಿದರು. ಅಂದಿನಿಂದ ಅದಕ್ಕೆ ಯಂತ್ರದ ಮೊರೆತವೆಂದೇ ಹೆಸರು. ಕಾಮಾಕ್ಷಿಪಾಳ್ಯದ ಬೀದಿಗಳಲ್ಲಿ ಹಗಲೆಲ್ಲ ಲೇತ್ ಯಂತ್ರಗಳ ಸದ್ದನ್ನು ಕೇಳುವ ನಮ್ಮವರಿಗೆ ಈ ಉಪಮೆಯನ್ನು ಬಿಡಿಸಿ ಹೇಳಬೇಕಾದುದಿಲ್ಲ.

ಮೈಹತ್ತದ ಕೂಸಿಗೆ ಬಾಲಗ್ರಹವೆಂದು ತಾಯಿತ ಕಟ್ಟಿಸುವುದೂ, ದೃಷ್ಟಿ ತೆಗೆಯುವುದೂ ನಮ್ಮ ಬಡಾವಣೆಗಳಲ್ಲಿ ಇಂದಿಗೂ ನಿಂತಿಲ್ಲ. ಕಟ್ಟಲಿ, ಅದರಿಂದ ಹಾನಿಯಿಲ್ಲ; ಕಟ್ಟಿ ಸುಮ್ಮನೆ ಕುಳಿತುಕೊಳ್ಳುವುದರಿಂದ ಹಾನಿಯುಂಟು. ಏಕೆಂದರೆ ಈ ರೋಗಕ್ಕೆ ಒಂದು ಕಾಲಮಿತಿಯಿದೆ. ದೊಡ್ಡ ನಾಳವು ವರ್ಷಗಟ್ಟಲೆ ತೆರೆದಿದ್ದರೆ, ಒತ್ತಡದ ಹೊಡೆತವನ್ನು ತಾಳಲಾರದೆ ಶ್ವಾಸಕೋಶದ ಸಣ್ಣ ಧಮನಿಗಳು ಗೋಡೆಗಳನ್ನು ದಪ್ಪ ಮಾಡಿಕೊಂಡು ಬಿರುಸಾಗುವುವು. ಅಲ್ಲಿಯ ಒತ್ತಡವು ಏರಿ ಏರಿ ಕಡೆಗೆ ಮಹಾಧಮನಿಯ ಒತ್ತಡವನ್ನೂ ಮೀರಿದಾಗ ಪ್ರವಾಹವು ತಿರುಗಿ ಬೀಳುವುದು. ಮಲಿನರಕ್ತವು ಸೇತುನಾಳದ ಮೂಲಕ ಮೈಗೆ ಸೇರುವುದು. ಈ ಅವಸ್ಥೆಗೆ, ೧೮೯೭ರಲ್ಲಿ ಇಂಥದೊಂದು ರೋಗವನ್ನು ವರ್ಣಿಸಿದ ವೈದ್ಯರ ಹೆಸರಿನಿಂದ ಐಸೆನ್‌ಮೆಂಗರ್ ಲಕ್ಷಣವೆಂದು ಹೆಸರು. ತಲೆಗೂ ಕೈಗಳಿಗೂ ಹೋಗುವ ಕವಲುಗಳು ಮಹಾಧಮನಿಯಿಂದ ಮೊದಲೇ ಒಡೆದು, ನಾಳವು ಆಮೇಲೆ ಸೇರುವುದರಿಂದ, ಇಂಥವರ ಕೈಬೆರಳುಗಳು ಕೆಂಪಾಗಿಯೇ ಇದ್ದು ಕಾಲ್ಬೆರಳುಗಳು ನೀಲಿಗಟ್ಟುವುವು. ಒಂದೇ ಮೈಯಲ್ಲಿ ಎರಡು ಬಣ್ಣ.

ವಿಜಯನಗರದಲ್ಲಿ ವಾಸವಾಗಿರುವ ನನ್ನ ಹಳೆಯ ಶಿಷ್ಯೆಯೊಬ್ಬಳ ಕಾಲಿನಲ್ಲಿ ನಾನು ಇದನ್ನು ಕಂಡಿದ್ದೇನೆ. ಆಕೆಗೆ ಹನ್ನೆರಡು ವರ್ಷವಾಗಿದ್ದಾಗಲೇ ಎದೆಯಲ್ಲಿ ಮೊರೆತವಿದೆಯೆಂದು ಒಬ್ಬ ಡಾಕ್ಟರು ತಿಳಿಸಿ, ಮುಚ್ಚಿಸಿಬಿಡಿರೆಂದು ಬರೆದುಕೊಟ್ಟಿದ್ದರು. ಹುಡುಗಿ ಆಡಿಕೊಂಡೇ ಇದ್ದಳು, ಖರ್ಚು ಹೆಚ್ಚು, ಎಲ್ಲಕ್ಕೂ ಮಿಗಿಲಾಗಿ, ಹೃದಯದ ರೋಗವೆಂಬ ಮಾತು ಹೊರಬಿದ್ದರೆ ನಾಳೆ ಸಂಬಂಧ ಕೂಡುವುದು ಹೇಗೆ? ಚೀಟಿಯು ಪೆಟ್ಟಿಗೆಯ ತಳವನ್ನು ಸೇರಿತು. ಮದುವೆಯೂ ಆಯಿತು. ಗರ್ಭಿಣಿಯಾದಾಗ ಮಹಡಿಯ ಮೆಟ್ಟಿಲು ಹತ್ತಲಾರದೆ ಕುಸಿದಳು. ಕೂಸು ಉಳಿಯಲಿಲ್ಲ, ತಾಯಿಯು ಉಳಿದುದೇ ಹೆಚ್ಚು. ಈಗ ಅವರು ನೆಲದ ಮಟ್ಟದ ಮನೆಯನ್ನೇ ಹುಡುಕಿ ಬಾಡಿಗೆಗೆ ಹಿಡಿದಿದ್ದಾರೆ. ಶ್ವಾಸಕೋಶದ ಒತ್ತಡವನ್ನು ತಗ್ಗಿಸುವ ಮಾತ್ರೆಗಳನ್ನು ದಿನವೂ ನುಂಗಬೇಕು. ಬೇಸಿಗೆಯಲ್ಲಿ ಮೈಯ ನೀರು ಬತ್ತದಂತೆ ನೋಡಿಕೊಳ್ಳಬೇಕು. ಎತ್ತರದ ಬೆಟ್ಟದೂರುಗಳಿಗೆ ಹೋಗಕೂಡದು. ಮತ್ತೊಮ್ಮೆ ಗರ್ಭ ಧರಿಸಕೂಡದು. ಗಂಡನು ಒಳ್ಳೆಯವನು. ಹಾಗಿಲ್ಲದವನಾಗಿದ್ದರೆ ಏನು ಗತಿಯೆಂಬುದನ್ನು ಯೋಚಿಸಲಾರೆ.

“ಮೇಷ್ಟ್ರೇ, ಆಗ ಮುಚ್ಚಿಸಬಹುದಾಗಿತ್ತಂತೆ. ಈಗ ಮುಚ್ಚಿದರೆ ಹೃದಯವೇ ನಿಂತುಹೋಗುತ್ತದಂತೆ. ಈಗ ಅದೇ ನನಗೆ ಉಸಿರು ಬಿಡುವ ಕಿಂಡಿಯಂತೆ” ಎಂದು ಆಕೆ ಒಂದು ದಿನ ಹೇಳಿದಳು. ಅದರಲ್ಲಿ ತಪ್ಪೇನೂ ಇಲ್ಲ. ಬಿರುಸಾದ ಶ್ವಾಸಕೋಶಕ್ಕೆ ರಕ್ತವನ್ನು ನೂಕಲಾರದ ಬಲಹೃದಯಕ್ಕೆ ಆ ನಾಳವೊಂದೇ ಬಿಡುಗಡೆಯ ದಾರಿ. ಅದನ್ನು ಮುಚ್ಚುವುದೆಂದರೆ ಹೃದಯವನ್ನೇ ಸೋಲಿಸುವುದು. ಬಾಲ್ಯದಲ್ಲಿ ಮುಚ್ಚಿದರೆ ಗುಣವಾಗತಕ್ಕ ರೋಗವು, ತಡವಾದರೆ ಮುಚ್ಚಬಾರದ ರೋಗವಾಗುವುದು. ಹೃದಯದ ಕಾಯಿಲೆಗಳಲ್ಲಿ ಇಷ್ಟು ಸುಲಭಸಾಧ್ಯವಾದುದೂ, ಉಪೇಕ್ಷೆಯಿಂದ ಇಷ್ಟು ಅಸಾಧ್ಯವಾಗುವುದೂ ಅಪರೂಪ.

ಗಂಡುಮಕ್ಕಳಿಗಿಂತ ಹೆಣ್ಣುಮಕ್ಕಳಲ್ಲಿ ಈ ದೋಷವು ಸುಮಾರು ಎರಡರಷ್ಟು ಕಾಣುವುದೆಂಬುದನ್ನು ಇಲ್ಲಿಯೇ ಹೇಳಬೇಕು. ಮರೆಮಾಚುವ ಚಪಲವು ಎಲ್ಲಿ ಹೆಚ್ಚೋ ಅಲ್ಲಿಯೇ ರೋಗವೂ ಹೆಚ್ಚು. ನಾನು ಪಾಠ ಹೇಳುತ್ತಿದ್ದ ಶಾಲೆಗೆ ಆರೋಗ್ಯ ಇಲಾಖೆಯ ತಂಡದವರು ಬಂದು ಮಕ್ಕಳನ್ನು ಪರೀಕ್ಷಿಸಿದಾಗ, ಏಳು ವರ್ಷದ ಒಬ್ಬ ಹುಡುಗಿಯ ಎದೆಯಲ್ಲಿ ಈ ಮೊರೆತವು ಸಿಕ್ಕಿತು. ತಾಯಿ ಕೆಂಗೇರಿಯ ಕಡೆ ಗಾರ್ಮೆಂಟ್ಸ್ ಕಾರ್ಖಾನೆಗೆ ಹೋಗುವವಳು. ಮನೆಯ ಯಜಮಾನಿಕೆಯೆಲ್ಲ ಅಜ್ಜಿಯದು. ಆಕೆ ಶಾಲೆಗೇ ಬಂದರು.

“ಹೆಣ್ಣುಕೂಸು ಮೇಷ್ಟ್ರೇ. ಎದೆ ಸೀಳಿದ ಗಾಯ ಇಟ್ಕೊಂಡು ನಾಳೆ ಯಾರ ಮನೆ ಸೇರ್ತದೆ?”

“ಎದೆಯನ್ನು ಸೀಳುವುದಿಲ್ಲ ಕಣಮ್ಮ. ತೊಡೆಯ ಸಂದಿನಲ್ಲಿ ಸೂಜಿ ಚುಚ್ಚಿದಷ್ಟು ಗುರುತು. ಒಂದು ತಿಂಗಳಿಗೆ ಅದೂ ಕಾಣದು.”

“ಅಂಗಾದ್ರೆ ಊರೋರ್ಗೆ ತಿಳಿಯಕ್ಕಿಲ್ವಾ?”

ತಿಳಿದರೇನು ಎಂದು ಕೇಳಬೇಕೆಂದಿದ್ದೆ; ಅಂದು ಆ ವಾದಕ್ಕಿಂತ ಮಗುವಿನ ಕೆಲಸ ದೊಡ್ಡದಾಗಿದ್ದುದರಿಂದ ಸುಮ್ಮನಾದೆ. ತಾಯಿಯ ಇ.ಎಸ್.ಐ. ಚೀಟಿಯು ಉಪಯೋಗಕ್ಕೆ ಬಂದು ಮೂರು ತಿಂಗಳಲ್ಲಿ ಚಿಕಿತ್ಸೆಯು ಮುಗಿಯಿತು. ಗುರುವಾರ ಆಸ್ಪತ್ರೆ ಸೇರಿದ ಹುಡುಗಿ ಶನಿವಾರ ಮನೆಗೆ ಬಂದಳು. ಮುಂದಿನ ವಾರ ತರಗತಿಯಲ್ಲಿದ್ದಳು.

ಸೂಜಿಯ ಗುರುತಿನಲ್ಲಿ ಮುಗಿಯುವ ಈ ಚಿಕಿತ್ಸೆಗೆ ಒಂದು ಪೂರ್ವಕಥೆಯಿದೆ. ಅಮೆರಿಕದ ಬಾಸ್ಟನ್ ನಗರದ ಮಕ್ಕಳ ಆಸ್ಪತ್ರೆಯಲ್ಲಿ ರಾಬರ್ಟ್ ಗ್ರಾಸ್ ಎಂಬ ೩೩ ವರ್ಷದ ಶಸ್ತ್ರವೈದ್ಯರು, ೧೯೩೮ರ ಆಗಸ್ಟ್ ೨೬ರಂದು, ಏಳೂವರೆ ವರ್ಷದ ಹುಡುಗಿಯೊಬ್ಬಳ ಎದೆಯನ್ನು ತೆರೆದು ಸೇತುನಾಳವನ್ನು ದಾರದಿಂದ ಬಿಗಿದು ಕಟ್ಟಿದರು. ಅಂಥ ಶಸ್ತ್ರಕ್ರಿಯೆಯು ಫಲಿಸಿದುದು ಜಗತ್ತಿನಲ್ಲಿ ಅದೇ ಮೊದಲು. ಮುಖ್ಯ ಶಸ್ತ್ರವೈದ್ಯರು ರಜೆಯ ಮೇಲೆ ಹೋಗಿದ್ದ ಸಮಯವನ್ನು ನೋಡಿ ಮಾಡಿದ ಸಾಹಸವದು. ಗ್ರಾಸರಿಗೆ ಒಂದು ಕಣ್ಣಿನ ದೃಷ್ಟಿಯು ಹುಟ್ಟಿನಿಂದಲೇ ಸರಿಯಾಗಿರಲಿಲ್ಲವೆಂಬುದು ಬಹಳ ಕಾಲದ ತರುವಾಯ ಹೊರಬಿದ್ದಿತು. ಆ ಹುಡುಗಿಯು ಬೆಳೆದು, ಮದುವೆಯಾಗಿ, ಮೊಮ್ಮಕ್ಕಳನ್ನು ಕಂಡು, ಬಹುಕಾಲ ಬಾಳಿದಳು. ಗಾಯದ ಗುರುತಿಗೆ ಹೆದರುವ ಅಜ್ಜಿಯರಿಗೆ ನಾನು ಈ ಸಂಗತಿಯನ್ನು ಹೇಳುವುದುಂಟು.

ಎದೆಯನ್ನು ತೆರೆಯದೆ ನಾಳವನ್ನು ಮುಚ್ಚುವ ಉಪಾಯವನ್ನು ಜರ್ಮನಿಯ ಪೋರ್ಸ್ಟ್‌ಮನ್ ಎಂಬವರು ೧೯೬೭ರಲ್ಲಿ ಪ್ರಕಟಪಡಿಸಿದರು. ಈಗ ನಡೆಯುವ ಕ್ರಮವು ಹೀಗೆ: ತೊಡೆಯ ಸಂದಿನ ರಕ್ತನಾಳದೊಳಕ್ಕೆ ತೆಳುವಾದ ಕೊಳವೆಯನ್ನು ತೂರಿಸಿ, ಎಕ್ಸ್-ರೇ ಪರದೆಯ ಮೇಲೆ ನೋಡುತ್ತ ಹೃದಯದವರೆಗೆ ನಡೆಸಿ, ಕೊಳವೆಯೊಳಗೆ ಮಡಿಸಿಟ್ಟಿರುವ ಲೋಹದ ಬಲೆಯ ಬಿರಡೆಯನ್ನು ಸೇತುನಾಳದಲ್ಲಿ ಬಿಚ್ಚುವರು. ನಿಕಲ್ ಮತ್ತು ಟೈಟೇನಿಯಂ ಬೆರೆಸಿದ ಈ ಲೋಹಕ್ಕೆ ತನ್ನ ಮೊದಲಿನ ಆಕಾರವನ್ನು ನೆನಪಿಟ್ಟುಕೊಳ್ಳುವ ಗುಣವಿದೆ. ಕೊಳವೆಯಿಂದ ಹೊರಬಿದ್ದೊಡನೆ ಅಣಬೆಯಂತೆ ಅರಳಿ ನಿಲ್ಲುವುದು. ಆರು ತಿಂಗಳೊಳಗೆ ಮೈಯ ಪೊರೆಯೇ ಅದರ ಮೇಲೆ ಹಬ್ಬಿ ಮುಚ್ಚಿಬಿಡುವುದು. ೭೦೦ ಗ್ರಾಂ ತೂಕದ ಅವಧಿಪೂರ್ವದ ಕೂಸುಗಳಿಗೂ ಒಪ್ಪುವ ಕಿರುಬಿರಡೆಗೆ ಅಮೆರಿಕದಲ್ಲಿ ೨೦೧೯ರಲ್ಲಿ ಅನುಮತಿ ದೊರೆಯಿತು. ಅಂಥ ಎಳೆಯ ಕೂಸುಗಳಲ್ಲಿ ಕೆಲವಕ್ಕೆ ಇಂಡೊಮೆಥಸಿನ್, ಐಬುಪ್ರೊಫೆನ್ ಮೊದಲಾದ ಔಷಧಿಯಿಂದಲೇ ನಾಳವು ಮುಚ್ಚುವುದು. ತುಂಬಿದ ತಿಂಗಳಿಗೆ ಹುಟ್ಟಿದವರಲ್ಲಿ ಈ ಔಷಧಿಗಳು ಹೀಗೆ ಕೆಲಸ ಮಾಡುವುದಿಲ್ಲ. ನಾಳವು ಬಹಳ ಅಗಲವಾಗಿದ್ದರೆ ಈಗಲೂ ಶಸ್ತ್ರಕ್ರಿಯೆಯೇ ಬೇಕಾಗಬಹುದು.

ಹಾಗೆಂದು ಸೇತುನಾಳವನ್ನು ಶತ್ರುವೆಂದು ತಿಳಿಯಬಾರದು. ಹೃದಯದ ಬೇರೆ ಕೆಲವು ಘೋರವಾದ ಜನ್ಮದೋಷಗಳಲ್ಲಿ ಈ ನಾಳವೊಂದೇ ಮಗುವಿನ ಪ್ರಾಣವನ್ನು ಹಿಡಿದಿಟ್ಟಿರುವುದರಿಂದ, ಮುಚ್ಚಿಹೋಗದಂತೆ ಪ್ರೋಸ್ಟಗ್ಲಾಂಡಿನ್ ಔಷಧಿಯನ್ನು ಸಿರೆಯ ಮೂಲಕ ಕೊಡುವರು. ಧಮನಿಗಳ ಹುಟ್ಟುದೋಷಗಳಲ್ಲಿ ಇನ್ನೊಂದನ್ನು ಮಾತ್ರ ಇಲ್ಲಿ ಹೆಸರಿಸುವೆನು: ಹೃದಯಕ್ಕೇ ಆಹಾರವನ್ನು ಒದಗಿಸುವ ಎಡದ ಪರಿಧಮನಿಯು ಮಹಾಧಮನಿಯಿಂದ ಹುಟ್ಟುವ ಬದಲು ಶ್ವಾಸಕೋಶದ ಧಮನಿಯಿಂದ ಹುಟ್ಟುವುದು. ಇದನ್ನು ೧೯೩೩ರಲ್ಲಿ ಅಮೆರಿಕದ ಮೂವರು ವೈದ್ಯರು ವಿವರಿಸಿದರು. ಬಹಳ ವಿರಳ, ಆದರೆ ಎರಡು ಮೂರು ತಿಂಗಳ ಕೂಸು ಹಾಲು ಕುಡಿಯುವಾಗಲೆಲ್ಲ ಬಿಳಿಚಿಕೊಂಡು, ಬೆವರಿ, ನೋವಿನಿಂದ ಚೀರುತ್ತಿದ್ದರೆ ಹೊಟ್ಟೆನೋವೆಂದು ಓಮದ ನೀರನ್ನೇ ಕುಡಿಸುತ್ತ ಕೂಡದೆ ಒಮ್ಮೆ ಹೃದಯವನ್ನು ಪರೀಕ್ಷೆ ಮಾಡಿಸಬೇಕು.

ಸೇತುನಾಳವು ಏಕೆ ಮುಚ್ಚದೆ ಉಳಿಯುವುದೆಂಬುದಕ್ಕೆ ಅನೇಕ ಮಕ್ಕಳಲ್ಲಿ ಕಾರಣವೇ ತೋರುವುದಿಲ್ಲ. ಸ್ಪಷ್ಟವಾಗಿ ತಿಳಿದಿರುವ ಒಂದು ಕಾರಣ ರುಬೆಲ್ಲಾ. ಗರ್ಭದ ಮೊದಲ ತಿಂಗಳುಗಳಲ್ಲಿ ತಾಯಿಗೆ ಈ ಜ್ವರವು ಬಂದರೆ ಮಗುವಿನ ಕಣ್ಣು, ಕಿವಿ, ಹೃದಯ ಮೂರಕ್ಕೂ ಪೆಟ್ಟು ಬೀಳುವುದು. ಈ ಸಂಬಂಧವನ್ನು ಮೊದಲು ಗುರುತಿಸಿದವರು ಆಸ್ಟ್ರೇಲಿಯಾದ ನೇತ್ರವೈದ್ಯ ಗ್ರೆಗ್, ೧೯೪೧ರಲ್ಲಿ. ೨೦೧೭ರ ಫೆಬ್ರವರಿಯಲ್ಲಿ ನಮ್ಮ ರಾಜ್ಯದ ಶಾಲೆಗಳಲ್ಲಿ ಒಂಬತ್ತು ತಿಂಗಳಿನಿಂದ ಹದಿನೈದು ವರ್ಷದೊಳಗಿನವರಿಗೆಲ್ಲ ದಡಾರ-ರುಬೆಲ್ಲಾ ಲಸಿಕೆಯನ್ನು ಹಾಕಿದಾಗ, ಮೊಬೈಲಿನಲ್ಲಿ ಹಬ್ಬಿದ ಗಾಳಿಮಾತುಗಳಿಗೆ ಬೆದರಿ ಆ ದಿನ ಮಕ್ಕಳನ್ನು ಶಾಲೆಗೇ ಕಳುಹಿಸದ ತಂದೆತಾಯಿಗಳಿದ್ದರು. ಅಂದು ಲಸಿಕೆ ತಪ್ಪಿಸಿಕೊಂಡ ಹುಡುಗಿಯರಲ್ಲಿ ಹಿರಿಯರು ಈಗ ತಾಯಂದಿರಾಗುವ ವಯಸ್ಸಿನವರು. ಅಂಥವರು ಮದುವೆಗೆ ಮೊದಲೇ, ಗರ್ಭ ನಿಲ್ಲುವುದಕ್ಕೆ ಒಂದು ತಿಂಗಳಾದರೂ ಮುಂಚೆ, ಡಾಕ್ಟರರನ್ನು ಕೇಳಿ ಹಾಕಿಸಿಕೊಳ್ಳುವುದು ಮೇಲು. ಗರ್ಭಿಣಿಯಾದ ಮೇಲೆ ಈ ಲಸಿಕೆಯನ್ನು ಹಾಕುವಂತಿಲ್ಲ.

ಇನ್ನು ಎಲ್ಲಿಗೆ ಹೋಗಬೇಕೆಂಬ ಪ್ರಶ್ನೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವೆಂಬುದು ೨೦೧೩ರಲ್ಲಿ ಆರಂಭವಾಯಿತು. ಅದರ ತಂಡಗಳು ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಸಲವೂ ಸರ್ಕಾರಿ ಶಾಲೆಗಳಿಗೆ ಒಂದು ಸಲವೂ ಬರಬೇಕೆಂಬುದು ನಿಯಮ. ಹುಟ್ಟುದೋಷಗಳನ್ನು ಹುಡುಕಿ ಚಿಕಿತ್ಸೆಗೆ ಕಳುಹಿಸುವುದು ಅವರ ಕೆಲಸಗಳಲ್ಲೊಂದು. ತಂಡ ಬರುವ ದಿನ ಮಗುವನ್ನು ಮನೆಯಲ್ಲಿ ನಿಲ್ಲಿಸಿಕೊಳ್ಳಬಾರದು. ಮೊರೆತವಿದೆಯೆಂದರೆ ಮುಂದಿನ ಹೆಜ್ಜೆ ಎಕೋ ಪರೀಕ್ಷೆ. ಅದರಲ್ಲಿ ನೋವಿಲ್ಲ, ಸೂಜಿಯಿಲ್ಲ. ಶಬ್ದದ ಅಲೆಗಳಿಂದ ಹೃದಯದ ಚಿತ್ರವನ್ನು ತೆಗೆಯುವರು.

ಮಕ್ಕಳ ಹೃದಯಚಿಕಿತ್ಸೆಯಲ್ಲಿ ಬೆಂಗಳೂರು ಹೆಸರಾದ ಊರು. ೨೦೦೩ರ ಜುಲೈ ತಿಂಗಳಿನಲ್ಲಿ, ನಿಂತುಹೋಗಿದ್ದ ಲಾಹೋರ್-ದೆಹಲಿ ಬಸ್ಸು ಮತ್ತೆ ಹೊರಟಾಗ, ಅದರಲ್ಲಿ ಬಂದ ಪಾಕಿಸ್ತಾನದ ಎರಡೂವರೆ ವರ್ಷದ ಹೆಣ್ಣುಮಗುವಿನ ಹೃದಯದ ರಂಧ್ರವನ್ನು ಮುಚ್ಚಿದುದು ನಮ್ಮ ಬೊಮ್ಮಸಂದ್ರದ ನಾರಾಯಣ ಹೃದಯಾಲಯದಲ್ಲಿ. ಅಷ್ಟು ದೂರದಿಂದ ಅವರು ಬಂದರು. ನಮ್ಮ ಪಶ್ಚಿಮದ ಬಡಾವಣೆಗಳವರಿಗೆ ಈಗ ಇದೆಲ್ಲವೂ ಮೆಟ್ರೋ ರೈಲಿನ ದಾರಿ. ಕೆಂಗೇರಿ, ವಿಜಯನಗರಗಳಲ್ಲಿ ನೇರಳೆ ಮಾರ್ಗದ ರೈಲನ್ನು ಹತ್ತಿದರೆ ಎಲ್ಲಿಯೂ ಇಳಿದು ಬದಲಾಯಿಸದೆ ವೈಟ್‌ಫೀಲ್ಡಿನ ಶ್ರೀ ಸತ್ಯಸಾಯಿ ಆಸ್ಪತ್ರೆಯ ನಿಲ್ದಾಣವನ್ನು ಸೇರಬಹುದು. ೨೦೦೧ರಲ್ಲಿ ತೆರೆದ ಆ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಹಣ ತೆಗೆದುಕೊಳ್ಳುವುದಿಲ್ಲ. ರಾಜಾಜಿನಗರದವರು ಹಸಿರು ಮಾರ್ಗದಲ್ಲಿ ಆರ್.ವಿ. ರಸ್ತೆಯವರೆಗೆ ಹೋಗಿ, ೨೦೨೫ರ ಆಗಸ್ಟಿನಲ್ಲಿ ತೆರೆದ ಹಳದಿ ಮಾರ್ಗವನ್ನು ಹಿಡಿದರೆ ಎರಡನೆಯ ನಿಲ್ದಾಣವೇ ಸರ್ಕಾರದ ಜಯದೇವ ಹೃದ್ರೋಗಾಸ್ಪತ್ರೆಯದು. ಅದೇ ಮಾರ್ಗದ ಕಡೆಯ ನಿಲ್ದಾಣ ಬೊಮ್ಮಸಂದ್ರ. ಬಸವೇಶ್ವರನಗರಕ್ಕೆ ರೈಲು ಬಂದಿಲ್ಲ. ಅಲ್ಲಿಯವರು ರಾಜಾಜಿನಗರಕ್ಕೋ ವಿಜಯನಗರಕ್ಕೋ ಬಂದು ಹತ್ತಬೇಕು. ಕೂಸನ್ನೆತ್ತಿಕೊಂಡು ಮಾಗಡಿ ರಸ್ತೆಯ ವಾಹನಗಳ ನಡುವೆ ಎರಡು ಗಂಟೆ ಬೇಯುತ್ತಿದ್ದ ಕಾಲವನ್ನು ಕಂಡವರಿಗೆ ಇದು ಸಣ್ಣ ಸಂಗತಿಯಲ್ಲ.

ಖರ್ಚಿನ ಭಯವು ಈಗ ಮೊದಲಿನಷ್ಟಿರಬೇಕಾಗಿಲ್ಲ. ೨೦೧೮ರಲ್ಲಿ ಬಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಪಡಿತರ ಚೀಟಿಯ ಕುಟುಂಬಕ್ಕೆ ವರ್ಷಕ್ಕೆ ೫ ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆ ದೊರೆಯುವುದು. ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯಿಂದ ಶಿಫಾರಸು ಪತ್ರ ಬೇಕಾಗುವುದು, ಮಲ್ಲೇಶ್ವರದ ಕೆ.ಸಿ. ಜನರಲ್ ಆಸ್ಪತ್ರೆಯು ರಾಜಾಜಿನಗರದವರಿಗೆ ಹತ್ತಿರ. ಕಾರ್ಖಾನೆಯಲ್ಲಿ ದುಡಿಯುವ ವಿಮಾದಾರರ ಮಕ್ಕಳಿಗೆ ಇ.ಎಸ್.ಐ. ಉಂಟು, ಅದರ ದೊಡ್ಡ ಆಸ್ಪತ್ರೆ ರಾಜಾಜಿನಗರದಲ್ಲಿಯೇ ಇದೆ. ಕಾಗದಪತ್ರಗಳಿಗಾಗಿ ಕಿಟಕಿಯಿಂದ ಕಿಟಕಿಗೆ ಅಲೆಯಬೇಕಾಗುವುದು ನಿಜ. ಅಕ್ಷರ ಬಲ್ಲ ನೆರೆಯವರೊಬ್ಬರು ಜೊತೆಗೆ ಹೋದರೆ ಎಷ್ಟೋ ಹಗುರವಾಗುವುದು. ನಿವೃತ್ತರಾಗಿ ಪಾರ್ಕಿನ ಬೆಂಚಿನ ಮೇಲೆ ಕುಳಿತು ರಾಜಕೀಯ ಮಾತನಾಡುವ ನಮ್ಮಂಥವರಿಗೆ ಇದೊಂದು ಕೆಲಸವಾದೀತು.

ಮುಚ್ಚಿಸಿದ ಮೇಲೆ ಮಗು ರೋಗಿಯಲ್ಲ. ಕೆಲವು ವಾರ ಕುಣಿದಾಟ ಬೇಡವೆನ್ನುವರು, ಆಮೇಲೆ ಓಡಲಿ, ಕುಂಟೆಬಿಲ್ಲೆ ಆಡಲಿ, ಈಜಲಿ. ಮೊದಲ ಆರು ತಿಂಗಳಲ್ಲಿ ಹಲ್ಲು ಕೀಳಿಸಬೇಕಾದರೆ ದಂತವೈದ್ಯರಿಗೆ ಮುಂಚೆಯೇ ತಿಳಿಸಬೇಕು. ಬಾಯಿಯ ಕ್ರಿಮಿಗಳು ರಕ್ತಕ್ಕೆ ಸೇರಿ ಹೊಸ ಬಿರಡೆಯ ಮೇಲೆ ಕುಳಿತುಕೊಳ್ಳದಂತೆ ಅವರು ಔಷಧಿ ಕೊಡುವರು. ಹಲ್ಲನ್ನು ಶುಚಿಯಾಗಿಟ್ಟುಕೊಳ್ಳುವುದಂತೂ ಯಾವಾಗಲೂ ಬೇಕು. ಡಾಕ್ಟರರು ಹೇಳಿದ ತಿಂಗಳಿಗೆ ಎಕೋ ಮಾಡಿಸಬೇಕು. ಆಸ್ಪತ್ರೆಯಲ್ಲಿ ಬಿರಡೆಯ ಹೆಸರು, ಅಳತೆ, ಇಟ್ಟ ದಿನ ಇವುಗಳನ್ನು ಬರೆದ ಒಂದು ಚೀಟಿಯನ್ನು ಕೊಡುವರು, ಮುಂದೆ ಎಂ.ಆರ್.ಐ. ಮಾಡಿಸಬೇಕಾದಾಗಲೂ, ಹುಡುಗಿ ಬೆಳೆದು ಬಸುರಿಯಾದಾಗಲೂ ಡಾಕ್ಟರರು ಮೊದಲು ಕೇಳುವುದು ಅದನ್ನೇ. ಆದುದರಿಂದ ಅದನ್ನು ಪೆಟ್ಟಿಗೆಯ ತಳಕ್ಕೆ ಹಾಕದೆ ಜಾತಕದ ಜೊತೆಯಲ್ಲಿ ಇಡುವುದು ಒಳ್ಳೆಯದು. ವರನ ಕಡೆಯವರು ಒಂದನ್ನು ಕೇಳಿದರೆ ಎರಡನ್ನೂ ಕೊಡಬಹುದು.